ಸುಟ್ಟ ಸೇತುವೆ ಹಳೆಯದೋ, ಹೊಸದೋ?

ತೀರ್ಥಹಳ್ಳಿ ಕಡೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಸ್ವಿಟ್ಜರ್ಲೆಂಡಿನ ಲುಸರ್ನ್ ಊರಿನ ಚಾಪೆಲ್ ಬ್ರಿಜ್ ಅನ್ನುವ ಮರದ ಸೇತುವೆಯ ಫೋಟೊ ಹಾಕಿ 14ನೇ ಶತಮಾನದ್ದು ಎಂದಿದ್ದೀರಿ. ಮಗನ ಜೊತೆ ಹೋದಾಗ ನಾನೂ ಅದರ ಮೇಲೆ ನಡೆದಿದ್ದೇನೆ. 1993ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು ಅಂತ ಗೈಡೇ ಹೇಳಿದ. ಹಳೆಯದು ಅನ್ನೋದು ಟೂರಿಸ್ಟುಗಳಿಗೆ ಹೇಳುವ ಕತೆ ತಾನೇ? ಸೇತುವೆಯ ಮೇಲೆ ಮಾಡು (ಚಾವಣಿ) ಯಾಕೆ ಅಂತಲೂ ಯಾರೂ ಹೇಳಲಿಲ್ಲ.”

ಮೇಷ್ಟ್ರೇ, ಮಾಡಿನಿಂದಲೇ ಶುರು ಮಾಡುತ್ತೇನೆ.

ಅದು ಇರುವುದು ನಡೆಯುವವರಿಗಲ್ಲ, ಮರಕ್ಕೆ. ನಿಮ್ಮ ಕಡೆ ಅಡಿಕೆ ಮರ ಹಾಸಿ ಕಟ್ಟುವ ಕಾಲುಸಂಕ ಎಷ್ಟು ಮಳೆಗಾಲ ತಡೆಯುತ್ತದೆ ಹೇಳಿ? ನೆನೆದು, ಒಣಗಿ, ಮತ್ತೆ ನೆನೆದು, ಸಂದಿಯಲ್ಲಿ ನೀರು ನಿಂತು ಮರ ಲಡ್ಡಾಗುತ್ತದೆ. ಮೇಲೊಂದು ಮಾಡು ಹಾಕಿದರೆ ಭಾರ ಹೊರುವ ತೊಲೆಗಳು ಒಣಗಿರುತ್ತವೆ, ಹತ್ತಿಪ್ಪತ್ತು ವರ್ಷ ಬಾಳುವ ಸೇತುವೆ ನೂರು ದಾಟುತ್ತದೆ. ಹಿಮ ಬೀಳದಿರಲಿ ಅಂತ ಹಾಕಿದ್ದು ಅನ್ನುವವರೂ ಇದ್ದಾರೆ. ಸುಮ್ನೆ ಹೇಳೋದು. ಅಮೆರಿಕದ ವರ್ಮಾಂಟ್ ಕಡೆ ಇಂಥ ಸೇತುವೆಗಳು ಬೇಕಾದಷ್ಟಿವೆ, ಅಲ್ಲಿ ಚಳಿಗಾಲದಲ್ಲಿ ಹಿಮವನ್ನು ತಂದು ಸೇತುವೆ ಒಳಗೆ ಹರಡುತ್ತಿದ್ದರು, ಇಲ್ಲದಿದ್ದರೆ ಕುದುರೆ ಎಳೆಯುವ ಜಾರುಬಂಡಿ ಬರೀ ಹಲಗೆ ಮೇಲೆ ಜರುಗುತ್ತಲೇ ಇರಲಿಲ್ಲ.

ಅಂದರೆ ಮೇಲಿನದು ಸವೆಯಲಿ, ಬದಲಿಸೋಣ, ಒಳಗಿನದು ಉಳಿಯಲಿ ಅನ್ನುವುದು ಬಡಗಿಯ ಮೊದಲ ದಿನದ ಲೆಕ್ಕ. ಇಂಥ ಸೇತುವೆಯಲ್ಲಿ ಹೊಸ ಮರ ಕಂಡರೆ ಅದು ಮೋಸವಲ್ಲ. ರಾಯ್ಸ್ ನದಿಯ ಮೇಲೆ ಅದೇ ಜಾಗ, ಅದೇ ಓರೆ ದಾರಿ, ಪಕ್ಕದಲ್ಲಿ ಅದಕ್ಕಿಂತ ಹಳೆಯದಾದ ಎಂಟು ಮೂಲೆಯ ಕಲ್ಲಿನ ಗೋಪುರ. ಬೆಂಕಿಯಲ್ಲಿ ಗೋಪುರ ಉಳಿಯಿತು, ಸೇತುವೆಯ ಎರಡು ತುದಿಗಳೂ ಉಳಿದವು. ಬೆಂಕಿ ಬಿದ್ದದ್ದು 1993ರ ಆಗಸ್ಟ್ 18ರ ರಾತ್ರಿ, ಮತ್ತೆ ತೆರೆದದ್ದು 1994ರ ಏಪ್ರಿಲ್ 14ಕ್ಕೆ, ಖರ್ಚು ಸುಮಾರು 34 ಲಕ್ಷ ಸ್ವಿಸ್ ಫ್ರಾಂಕ್. ಹಾಗಾಗಿ ಫೋಟೊ ಕೆಳಗಿನ ಸಾಲು ನನ್ನ ಪ್ರಕಾರ ಸರಿಯಾಗಿಯೇ ಇದೆ.

ಆದರೆ ಚಿತ್ರಗಳ ಮಾತು ಬೇರೆ. ನಡೆಯುವಾಗ ತಲೆ ಎತ್ತಿದ್ದರೆ ಮಾಡಿನ ಕೆಳಗೆ ಚಿತ್ರ ಬರೆದ ತ್ರಿಕೋನದ ಹಲಗೆಗಳನ್ನು ನೋಡಿರುತ್ತೀರಿ. ಅಗಲ ಒಂದೂವರೆ ಮೀಟರಿನ ಮೇಲೆ, ಎತ್ತರ ಒಂದು ಮೀಟರಿಗೆ ಸ್ವಲ್ಪ ಕಡಿಮೆ, ಹೆಚ್ಚಿನವು ಸ್ಪ್ರೂಸ್ ಮರದವು. 17ನೇ ಶತಮಾನದಲ್ಲಿ ಚಿತ್ರಕಾರ ಹಾನ್ಸ್ ಹೈನ್ರಿಕ್ ವೇಗ್‌ಮನ್ ಬರೆದದ್ದು. ಊರಿನ ಕಥೆ, ಸಂತರ ಕಥೆ, ಕೆಳಗೆ ವಿವರಣೆ. ದುಡ್ಡು ಕೊಟ್ಟ ನಗರಸಭೆ ಸದಸ್ಯರ ಮನೆತನದ ಲಾಂಛನವೂ ಚಿತ್ರದಲ್ಲೇ ಇರುತ್ತಿತ್ತು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸುವವರನ್ನು ಇನ್ನು ನಾವು ನಗುವ ಹಾಗಿಲ್ಲ, ಅಲ್ವಾ?

ಸೇತುವೆಯಲ್ಲಿ ತೂಗುತ್ತಿದ್ದ ಚಿತ್ರಗಳಲ್ಲಿ ಮೂರನೇ ಎರಡು ಭಾಗ ಆ ರಾತ್ರಿ ಸುಟ್ಟುಹೋದವು. ತೊಲೆ ಸುಟ್ಟರೆ ಇನ್ನೊಂದು ತೊಲೆ ಕೆತ್ತಬಹುದು, ಕೆಲಸ ಅದೇ. ವೇಗ್‌ಮನ್ ಮತ್ತೆ ಬಂದು ಬರೆಯುವುದಿಲ್ಲ. ನಕಲು ಚಿತ್ರ ಬರೆಸಿ ತೂಗುಹಾಕುವ ಮಾತೂ ಬಂತು, ಬರೆಸಿದ್ದೂ ಆಯಿತು, ನಗರ ಬೇಡ ಅಂದಿತು. ನನಗೆ ಅದು ಸರಿ ಅನ್ನಿಸುತ್ತದೆ. ಈಗ ಅಲ್ಲಲ್ಲಿ ಕರಿ ಹಿಡಿದ ಹಲಗೆಗಳು ಹಾಗೇ ಇವೆ. ನೋಡಲು ಚೆಂದವಿಲ್ಲ, ನಿಜ. ಆದರೆ ಆದದ್ದನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ವಿಷಯ, ಗೈಡ್ ಹೇಳಿರಲಿಕ್ಕಿಲ್ಲ. ಸೇತುವೆ ಮೊದಲು 270 ಮೀಟರಿಗೂ ಜಾಸ್ತಿ ಉದ್ದವಿತ್ತು, ಈಗ ಸುಮಾರು 205. ಅದನ್ನು ಮೊಟಕು ಮಾಡಿದ್ದು ಬೆಂಕಿಯಲ್ಲ. 19ನೇ ಶತಮಾನದಲ್ಲಿ ದಡ ತುಂಬಿಸುತ್ತಾ ಬಂದು ಊರಿನವರೇ ಕತ್ತರಿಸಿದರು. ಇದಕ್ಕಿಂತ ಉದ್ದದ ಹೋಫ್‌ಬ್ರೂಕೆ ಅನ್ನುವ ಇನ್ನೊಂದು ಮರದ ಸೇತುವೆಯಿತ್ತು, ಅದನ್ನಂತೂ ಪೂರ್ತಿ ಕಿತ್ತೇ ಹಾಕಿದರು. ಬೆಂಕಿಗೆ ಅತ್ತವರಿದ್ದಾರೆ, ಈ ಕತ್ತರಿಗೆ ಯಾರೂ ಅಳುವುದಿಲ್ಲ.

ಮಗ ಮತ್ತೆ ಕರೆದರೆ ನದಿಗುಂಟ ಸ್ವಲ್ಪ ಕೆಳಗೆ ಸ್ಪ್ರೋಯರ್‌ಬ್ರೂಕೆ ಅನ್ನುವ ಮರದ ಸೇತುವೆಗೂ ಹೋಗಿ. ಬಸ್ಸಿನ ಟೂರುಗಳು ಅಲ್ಲಿಗೆ ಅಷ್ಟಾಗಿ ಹೋಗುವುದಿಲ್ಲ. ಕಾಸ್ಪರ್ ಮೆಗ್ಲಿಂಗರ್ 1626ರಿಂದ 1635ರವರೆಗೆ ಬರೆದ ಸಾವಿನ ಕುಣಿತದ ಚಿತ್ರಗಳು ಅಲ್ಲಿವೆ. ರಾಜನಿರಲಿ, ಪಾದ್ರಿಯಿರಲಿ, ಮದುಮಗಳಿರಲಿ, ಎಲ್ಲರನ್ನೂ ಎಲುಬಿನ ಗೂಡೊಂದು ಕೈ ಹಿಡಿದು ಎಳೆಯುತ್ತಿರುತ್ತದೆ. ಕುತ್ತಿಗೆ ನೋಯುತ್ತದೆ, ನಿಧಾನಕ್ಕೆ ನೋಡಿ.

— ಸಂಪಾದಕ