ಅಮ್ಮ ಕದ್ದು ತಿಂದಿಲ್ಲ

ನಿಮ್ಮ ಪತ್ರ ತಲುಪಿತು. ಅಮ್ಮ ರಾತ್ರಿ ಏಳಕ್ಕೇ ಒಂದು ಚಪಾತಿ ತಿಂದು ಮಲಗುತ್ತಾರೆ, ಆದರೂ ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ 160 ದಾಟಿರುತ್ತದೆ ಎಂದಿದ್ದೀರಿ. "ರಾತ್ರಿ ಎದ್ದು ಏನೋ ತಿಂದಿರ್ತೀಯ" ಅಂತ ಮನೆಯವರು ರೇಗುತ್ತಾರಂತೆ. ಕಳೆದ ಸಂಚಿಕೆಯಲ್ಲಿ "ಲಿವರ್ ಸಕ್ಕರೆ ಬಿಡುವುದು ಮಿದುಳಿನ ಅಪ್ಪಣೆಯಿಂದ" ಎಂದು ಬರೆದಿದ್ದೆವು. ಅದು ನಿಜವೇ ಎಂದು ಕೇಳಿದ್ದೀರಿ.

ಮೊದಲು ಅಮ್ಮನ ವಿಷಯ. ದಯವಿಟ್ಟು ಅವರನ್ನು ಬೈಯಬೇಡಿ. ನಾವು ಮಲಗಿದ್ದರೂ ಮಿದುಳಿಗೆ ಸಕ್ಕರೆ ಬೇಕೇ ಬೇಕು. ಲಿವರ್ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು 100 ಗ್ರಾಂ ಕೂಡಿಟ್ಟುಕೊಂಡು, ಕಣಜದಿಂದ ಅಳೆದು ಕೊಟ್ಟ ಹಾಗೆ ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಹೊಸದಾಗಿಯೂ ತಯಾರಿಸುತ್ತದೆ. ಸಾಕು ಅನ್ನುವುದು ಇನ್ಸುಲಿನ್. ಡಯಾಬಿಟಿಸ್ ಇದ್ದಾಗ ಲಿವರ್ ಆ ಮಾತು ಸರಿಯಾಗಿ ಕೇಳುವುದಿಲ್ಲ. ಬೆಳಗಿನ ಜಾವ ಶುಗರ್ ಏರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಬೇರೆ ಏರುತ್ತದೆ. ತುತ್ತು ಅನ್ನ ಮುಟ್ಟದಿದ್ದರೂ ಶುಗರ್ ಏರುವುದು ಹೀಗೆ.

ಇನ್ನು ಮಿದುಳು. 1849ರಲ್ಲಿ ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಒಂದು ಮೊಲದ ಮಿದುಳಿನ ಬುಡಕ್ಕೆ ಸಣ್ಣ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆಲ್ಲ ರಕ್ತದಲ್ಲಿ ಸಕ್ಕರೆ ಏರಿ, ಮೊಲದ ಮೂತ್ರದಲ್ಲೂ ಸಕ್ಕರೆ! ತಲೆಗೂ ಲಿವರ್‌ಗೂ ನಂಟಿದೆ ಎಂದು ಅಂದೇ ಗೊತ್ತಾಯಿತು. ನೂರೈವತ್ತು ವರ್ಷಗಳ ನಂತರ ನ್ಯೂಯಾರ್ಕಿನಲ್ಲಿ ಲುಚಿಯಾನೊ ರೊಸೆಟ್ಟಿ ಅವರ ತಂಡ ಇಲಿಗಳ ಮಿದುಳಿನ ಹೈಪೊಥಲಾಮಸ್ ಎಂಬ ಭಾಗಕ್ಕೆ ಮಾತ್ರ ಇನ್ಸುಲಿನ್ ಕೊಟ್ಟು ನೋಡಿತು. ಲಿವರ್ ಸಕ್ಕರೆ ಬಿಡುವುದನ್ನು ಕಡಿಮೆ ಮಾಡಿತು. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರದಲ್ಲಿ ಲಿವರ್‌ಗೆ ಹೋಗುವ ಕವಲನ್ನು ಕತ್ತರಿಸಿದಾಗ ಮಿದುಳಿನ ಈ ಹಿಡಿತ ತಪ್ಪಿತು. ಅಂದರೆ ಸುದ್ದಿ ಹೋಗುತ್ತಿದ್ದದ್ದು ಆ ನರದಲ್ಲೇ.

ಆದರೆ ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡದ್ದು ಬೇರೆ. ಅಲ್ಲಿ ಇನ್ಸುಲಿನ್ ನೇರವಾಗಿ ಲಿವರ್ ಮೇಲೆ ಮಾಡುವ ಕೆಲಸವೇ ಜಾಸ್ತಿ, ಮಿದುಳಿನ ಪಾಲು ಕಡಿಮೆ. ಹಾಗಾಗಿ ಆ ಸಾಲಿನಲ್ಲಿ ನಾವು ಅತಿಯಾಗಿ ಹೇಳಿದ್ದೇವೆ, ತಿದ್ದಿಕೊಳ್ಳುತ್ತೇವೆ. ಮಿದುಳು ಲಿವರ್‌ಗೆ ಹೇಳುತ್ತದೆ, ನಿಜ. ಆದರೆ ಹೇಳುವುದು ಅದೊಂದೇ ಅಲ್ಲ.

ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನೂ ಹೆಚ್ಚಾಗಿ ಮಿದುಳಿನ ಮೂಲಕವೇ ಕೆಲಸ ಮಾಡುತ್ತದೆ. 1994ರಲ್ಲಿ ಪತ್ತೆಯಾದದ್ದು. ಮೈಯಲ್ಲಿ ಕೊಬ್ಬೇ ನಿಲ್ಲದ ಅಪರೂಪದ ಕಾಯಿಲೆಯವರಲ್ಲಿ ಲೆಪ್ಟಿನ್ ತೀರಾ ಕಡಿಮೆ, ಕೊಬ್ಬೆಲ್ಲ ಲಿವರ್‌ನಲ್ಲಿ ಕೂರುತ್ತದೆ. ಅವರಿಗೆ ಲೆಪ್ಟಿನ್ ಇಂಜೆಕ್ಷನ್ ಕೊಟ್ಟಾಗ ಆ ಕೊಬ್ಬು ಕರಗಿತು, ಶುಗರ್ ಕೂಡ ಇಳಿಯಿತು.

ಅಮ್ಮ ಹೆದರಿ ಆ ಒಂದು ಚಪಾತಿಯನ್ನೂ ಬಿಟ್ಟಾರು, ಬಿಡಲು ಬಿಡಬೇಡಿ. ಕೆಲವು ಮಾತ್ರೆ ನುಂಗಿ ಊಟ ಬಿಟ್ಟರೆ ರಾತ್ರಿ ಶುಗರ್ ತೀರಾ ಇಳಿಯಬಹುದು. ಮಲಗುವಾಗಿನ ಮತ್ತು ಎದ್ದಾಗಿನ ಅಳತೆ ಒಂದು ವಾರ ಬರೆದಿಟ್ಟು, ಆ ಚೀಟಿ ಡಾಕ್ಟರಿಗೆ ತೋರಿಸಿ.