ಅರ್ಧ ಹಾಕಿದ ಕಸೂತಿ ಎಲ್ಲರಿಗೂ ತೋರಿಸಬೇಕಾ?

ಪ್ರಶ್ನೆ: ಅಕ್ಕಾವ್ರೇ, ನಾದಿನಿಯ ಮದುವೆಗೆಂದು ಕರಿ ಇಳಕಲ್ ಸೀರೆಗೆ ಕಸೂತಿ ಹಾಕಲು ಶುರು ಮಾಡಿದೆ. ದಿನಾ ಸಂಜೆ ಎಷ್ಟಾಯ್ತು ಅಂತ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಿದ್ದೆ. ಮೊದಮೊದಲು ಎಲ್ಲರೂ ಹೊಗಳಿದರು, ನನಗೂ ಹುರುಪು ಬಂತು. ಆಮೇಲೆ ಒಬ್ಬರು ‘ಗೆರೆ ತುಂಡು ತುಂಡಾಗಿದೆ’ ಅಂದರು. ಇನ್ನೊಬ್ಬರು ‘ಗೋಪುರಗಳ ನಡುವೆ ನವಿಲು ಹಾಕು’ ಅಂದರು, ಒಂದು ಹಾಕಿದೆ. ಮತ್ತೊಬ್ಬರು ‘ನನಗೂ ಒಂದು ಬೇಕು, ಇದು ಯಾವಾಗ ಮುಗಿಯುತ್ತೆ’ ಅಂತ ಬೆನ್ನು ಬಿದ್ದರು. ಈಗ ಸೀರೆ ಟ್ರಂಕಿನಲ್ಲಿದೆ. ಸೂಜಿ ಹಿಡಿಯಲು ಮನಸ್ಸೇ ಬರುತ್ತಿಲ್ಲ. ಫೋಟೋ ಹಾಕುವುದನ್ನೇ ಬಿಟ್ಟುಬಿಡಲಾ?
– ಹೆಸರು ಬೇಡ, ಗದಗ

ಉತ್ತರ: ಪೂರ್ತಿ ಬಿಡುವುದೇನೂ ಬೇಡ ತಂಗೀ. ಆದರೆ ದಿನಾ ಬೇಡ, ಎಲ್ಲರಿಗೂ ಬೇಡ.

ಮುಗಿಯದ ಕೆಲಸ ತೋರಿಸುವುದು ಫೋನ್ ಬಂದ ಮೇಲೆ ಶುರುವಾದ ಚಾಳಿಯಲ್ಲ. ನಮ್ಮ ಧಾರವಾಡದ ಓಣಿಗಳಲ್ಲಿ ಮಧ್ಯಾಹ್ನ ಊಟ ಮುಗಿಸಿ ಹೆಂಗಸರು ಕಟ್ಟೆ ಮೇಲೆ ಕೂತೇ ಕಸೂತಿ ಹಾಕುತ್ತಿದ್ದರು. ಹಾದು ಹೋಗುವವರೆಲ್ಲ ನೋಡುವವರೇ. ಆದರೆ ಪಕ್ಕದಲ್ಲಿ ಕೂತವಳ ಕೈಯಲ್ಲೂ ಸೂಜಿ ಇರುತ್ತಿತ್ತು. ಅವಳು ‘ಚಂದ ಐತಿ’ ಅನ್ನುವ ಮೊದಲು ಬಟ್ಟೆ ತಿರುಗಿಸಿ ಹಿಂಬದಿ ನೋಡುತ್ತಿದ್ದಳು. ಗಂಟು ಕಂಡಿತೋ, ‘ಬಿಚ್ಚು’ ಅನ್ನುತ್ತಿದ್ದಳು. ನಿಮ್ಮ ಸ್ಟೇಟಸ್ ನೋಡಿದವರಲ್ಲಿ ಹಿಂಬದಿ ತೋರಿಸು ಅಂದವರು ಯಾರಾದರೂ ಇದ್ದಾರಾ?

ಆ ‘ತುಂಡು ಗೆರೆ’ಯ ಮಾತಿಗೆ ಬರೋಣ. ನೀವು ಹಾಕಿದ್ದು ಗವಂತಿ ಅನ್ನುವ ಕಸೂತಿ ಹೊಲಿಗೆ ಇರಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ ಬಿದ್ದರೆ ಇನ್ನೊಂದು ಕೆಳಗೆ ಬೀಳುತ್ತದೆ. ಗೆರೆ ಅಲ್ಲಲ್ಲಿ ಖಾಲಿ ಕಾಣುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಆ ಖಾಲಿ ಜಾಗಗಳೆಲ್ಲ ತುಂಬಿ, ಹಿಂದೆ ಮುಂದೆ ಎರಡೂ ಕಡೆ ಒಂದೇ ರೀತಿ ಕಾಣುತ್ತದೆ. ಮುರ್ಗಿ ಅನ್ನುವ ಹೊಲಿಗೆಯೂ ಹೀಗೇ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ ಅಷ್ಟೇ. ನೀವು ಸೂಜಿ ಹೋದ ಮೇಲೆ, ವಾಪಸ್ ಬರುವ ಮೊದಲು ಫೋಟೋ ತೆಗೆದಿದ್ದೀರಿ. ನೋಡಿದವರು ಕಂಡದ್ದನ್ನೇ ಹೇಳಿದ್ದಾರೆ, ಅವರ ಮೇಲೆ ಸಿಟ್ಟು ಯಾಕೆ? ಇನ್ನು ಮೇಲೆ ಸೂಜಿ ಹೊರಟ ಜಾಗಕ್ಕೆ ಬಂದು ಸೇರುವ ತನಕ ಫೋನ್ ಮುಟ್ಟಬೇಡಿ.

ನವಿಲಿನದು ಸ್ವಲ್ಪ ಗಂಭೀರ. ಕಸೂತಿಯಲ್ಲಿ ಬಟ್ಟೆ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸಿದ್ದೇ ನಕ್ಷೆ. ಉದಾಹರಣೆಗೆ ಒಂದು ಗೋಪುರಕ್ಕೆ 60 ಎಳೆ, ನಡುವೆ ಬಿಡುವುದು 20 ಎಳೆ ಅಂತ ಇಟ್ಟುಕೊಳ್ಳಿ. ಆ 20ರಲ್ಲಿ 36 ಎಳೆಯ ನವಿಲು ತುರುಕಿದರೆ ಮುಂದಿನ ಗೋಪುರ ಸರಿಯಬೇಕು. ಅದು ಸರಿದರೆ ಸಾಲಿನ ಕೊನೆಯದು ಅಂಚಿಗೆ ಹೋಗಿ ಬಡಿಯುತ್ತದೆ. ಸಲಹೆ ಕೊಟ್ಟವರಿಗೆ ಈ ಲೆಕ್ಕ ಗೊತ್ತಿಲ್ಲ, ಅವರಿಗೆ ಸುಮ್ನೆ ನವಿಲು ಇಷ್ಟ! ಅದನ್ನು ಬಿಚ್ಚಿಬಿಡಿ. ಹಿಂಬದಿಯಿಂದ ಕತ್ತರಿ ತುದಿಯಲ್ಲಿ ಒಂದೊಂದೇ ಹೊಲಿಗೆ ತೆಗೆದು, ಉಗುರಿನಿಂದ ಮೆಲ್ಲಗೆ ತಿಕ್ಕಿದರೆ ಸರಿದ ಎಳೆಗಳು ಸುಮಾರಾಗಿ ಕೂಡಿಕೊಳ್ಳುತ್ತವೆ. ನವಿಲು ಬೇಕೇ ಬೇಕು ಅಂದರೆ ಗೋಪುರದ ಸಾಲಿನ ಕೆಳಗೆ, ಸೆರಗಿನಿಂದ ದೂರ ಹಾಕಿ. ಸೆರಗಿನ ಹತ್ತಿರ ದೊಡ್ಡ ಚಿತ್ರ, ದೂರ ಹೋದಂತೆ ಸಣ್ಣವು ಅನ್ನುವ ಹಳೆಯ ರೂಢಿಗೂ ಅದು ಒಪ್ಪುತ್ತದೆ.

ನಿಮ್ಮ ಕೈ ನಿಂತದ್ದು ಮಾತ್ರ ಟೀಕೆಯಿಂದಲ್ಲ ಅಂತ ನನಗನ್ನಿಸುತ್ತದೆ. ಹೊಗಳಿಕೆಯಿಂದ. ಮೊದಲ ಗೋಪುರಕ್ಕೇ ಇಡೀ ಸೀರೆಗೆ ಸಿಗಬೇಕಾದ ಶಹಬ್ಬಾಸ್ ಸಿಕ್ಕಿಬಿಟ್ಟಿತು. ನಾಲ್ಕನೆಯದಕ್ಕೆ ಯಾರು ಹಾರ್ಟ್ ಒತ್ತುತ್ತಾರೆ? ಮೊದಲನೆಯದರ ಹಾಗೇ ಇದೆಯಲ್ಲ! ಹಾಗೇ ಇರಬೇಕು ಕೂಡ. ಅದನ್ನೇ ಮತ್ತೆ ಮತ್ತೆ, ಒಂದೆಳೆ ತಪ್ಪದ ಹಾಗೆ ಹಾಕುವುದೇ ಕಸೂತಿಯ ಮುಕ್ಕಾಲು ಕೆಲಸ. ಫೋಟೋದಲ್ಲಿ ಅದು ಸಪ್ಪೆ. ದಿನಾ ಹೊಸದು ತೋರಿಸುವ ಆಸೆಗೇ ನವಿಲು ಬಂದದ್ದು, ಅಲ್ವಾ?

ಹಾಗಾಗಿ ಸ್ಟೇಟಸ್‌ಗೆ ಒಂದು ಸಾಲು ಪೂರ್ತಿ ಆದಾಗ ಮಾತ್ರ ಹಾಕಿ. ನಡುವೆ ಸಿಕ್ಕಿಕೊಂಡರೆ, ಕಸೂತಿ ಬಲ್ಲ ಒಬ್ಬಿಬ್ಬರಿಗೆ ಹಿಂಬದಿಯ ಫೋಟೋ ಕಳಿಸಿ ನೇರವಾಗಿ ಕೇಳಿ: ‘ಈ ಮೂಲೆಯಲ್ಲಿ ದಾರ ಎಲ್ಲಿಂದ ತಿರುಗಿಸಲಿ?’ ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಉತ್ತರ ಬರುತ್ತದೆ. ಬಣ್ಣದ ಬಗ್ಗೆ ಮಾತ್ರ ಫೋನಿನಲ್ಲಿ ಯಾರನ್ನೂ ಕೇಳಬೇಡಿ. ಟ್ಯೂಬ್‌ಲೈಟ್ ಬೆಳಕಿನ ಫೋಟೋದಲ್ಲಿ ಕೆಂಪು, ಕೇಸರಿ ಎರಡೂ ಒಂದೇ ಥರ ಕಂಡಾವು. ಬಿಸಿಲಿಗೆ ಹಿಡಿದು ನೀವೇ ನೋಡಿ. ಸೀರೆ ಬೇಕು ಅಂದವರಿಗೆ ತಾರೀಖು ಕೊಡಬೇಡಿ. ‘ಮದುವೆ ಸೀರೆ ಮುಗಿಯುವ ತನಕ ಬೇರೆ ಹಿಡಿಯುವುದಿಲ್ಲ’ ಅಂದುಬಿಡಿ, ಸಾಕು.

ನಾಳೆ ಬೆಳಿಗ್ಗೆ ಟ್ರಂಕ್ ತೆಗೆಯಿರಿ. ಮೊದಲ ದಿನವೇ ನವಿಲು ಬಿಚ್ಚಲು ಕೂರಬೇಡಿ, ಬೇಜಾರಾಗುತ್ತದೆ. ಅರ್ಧಕ್ಕೆ ನಿಂತ ಗವಂತಿ ಸಾಲಿನ ಖಾಲಿ ಜಾಗ ತುಂಬಿ. ಅದಕ್ಕೆ ಹೊಸದಾಗಿ ಎಳೆ ಎಣಿಸುವುದೂ ಬೇಡ. ಮುಂದೆ ಎಣಿಸುವಾಗ ತೊಡೆ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಕರಿ ಸೀರೆಯ ಎಳೆ ಬಿಡಿಬಿಡಿಯಾಗಿ ಕಾಣುತ್ತವೆ, ಕಣ್ಣಿಗೂ ತ್ರಾಸು ಕಡಿಮೆ.

ಪ್ರಶ್ನೆ: ಮುಗಿಯುವ ಮೊದಲೇ ಫೋಟೋ ಹಾಕಿದರೆ ನನ್ನ ಡಿಸೈನ್ ಬೇರೆಯವರು ಎತ್ತಿಕೊಳ್ಳುವುದಿಲ್ಲವೇ?
– ಒಬ್ಬ ಓದುಗಿ, ಬೆಳಗಾವಿ

ಉತ್ತರ: ಗೋಪುರ, ತೇರು, ತುಳಸಿ ಕಟ್ಟೆ, ಆನೆ – ಇವು ಯಾರ ಸ್ವಂತದ್ದೂ ಅಲ್ಲ, ನಿಮ್ಮದೂ ಅಲ್ಲ. ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ನಿಜ. ಅದು ಕಾಯುವುದು ಈ ಕಲೆಯ ಹೆಸರನ್ನು, ನಿಮ್ಮೊಬ್ಬರ ಡಿಸೈನನ್ನಲ್ಲ. ನೀವೇ ಹೊಸದಾಗಿ ಜೋಡಿಸಿದ ವಿನ್ಯಾಸವಾದರೆ ಒಂದು ಮೂಲೆ ಮಾತ್ರ ತೋರಿಸಿ. ಪೂರ್ತಿ ಸೀರೆ ಹರವಿದ ಫೋಟೋ, ಅದನ್ನು ಉಡುವವರು ಉಟ್ಟ ಮೇಲೆ ಹಾಕಿದರಾಯಿತು.