ಹಳೇ ಟ್ಯಾಂಕ್ ಕಿಟ್‌ಗೆ ಕೈಯಾರೆ ಮಾಡಿದ ಬಿಡಿಭಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 1/35 ಅಳತೆಯ (ಅಸಲಿನ 35ನೇ ಒಂದು ಭಾಗದ) ಹಳೇ ಶರ್ಮನ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ಕಿಟ್ ಸಿಕ್ಕಿದೆ. ಮೋಟಾರ್ ಹಾಕಿ ಓಡಿಸುವಂಥದ್ದು. ಬಾಡಿಯ ತಳದಲ್ಲಿ ಸ್ವಿಚ್ಚಿಗೆ, ಸ್ಕ್ರೂಗೆ ಅಂತ ತೂತುಗಳಿವೆ. ಟ್ರ್ಯಾಕಿನ (ಗಾಲಿಗಳನ್ನು ಸುತ್ತುವ ಸರಪಳಿಯ) ಮೇಲೆ ಚಾಚಿಕೊಂಡ ಭಾಗಕ್ಕೆ ತಳವೇ ಇಲ್ಲ, ಕೆಳಗಿನಿಂದ ನೋಡಿದರೆ ಒಳಗೆಲ್ಲ ಕಾಣುತ್ತದೆ. ಶೋಕೇಸಿನಲ್ಲಿ ಇಡುವ ಮಟ್ಟಕ್ಕೆ ಇದನ್ನು ತರಬಹುದೇ?
– ಓದುಗರು, ಬಳ್ಳಾರಿ

ಉತ್ತರ: ತರಬಹುದು. ಆದರೆ ಬ್ಲೇಡ್ ಹಿಡಿಯುವ ಮೊದಲು ಸ್ಕೇಲ್ ಹಿಡಿಯಿರಿ. ಎಂ4 ಶರ್ಮನ್‌ನ ಅಗಲ 2.62 ಮೀಟರ್. ಅದನ್ನು 35ರಿಂದ ಭಾಗಿಸಿದರೆ ಸುಮಾರು 75 ಮಿ.ಮೀ. ಆಗುತ್ತದೆ. ಆಗಿನ ಕಿಟ್‌ಗಳಲ್ಲಿ ಮೋಟಾರ್, ಬ್ಯಾಟರಿ ಹಿಡಿಸಬೇಕೆಂದು ಬಾಡಿಯನ್ನೇ ಹಿಗ್ಗಿಸಿದ್ದುಂಟು. 1/35 ಎಂಬ ವಿಚಿತ್ರ ಅಳತೆ ಬಂದದ್ದೂ ಅದರಿಂದಲೇ: 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ತನ್ನ ಪ್ಯಾಂಥರ್ ಟ್ಯಾಂಕಿನೊಳಗೆ ಎರಡು ಬ್ಯಾಟರಿ ಕೂರಿಸಲು ಹೋದಾಗ ಬಿದ್ದ ಲೆಕ್ಕ ಅದು. ನಿಮ್ಮ ಕಿಟ್ 1–2 ಮಿ.ಮೀ. ಹೆಚ್ಚಿದ್ದರೆ ಸುಮ್ಮನೆ ಬಿಡಿ, ಕಣ್ಣಿಗೆ ಗೊತ್ತಾಗುವುದಿಲ್ಲ. 4–5 ಮಿ.ಮೀ. ಹೆಚ್ಚಿದ್ದರೆ ಟರೆಟ್ (ತೋಪು ಕೂರುವ, ತಿರುಗುವ ಮೇಲ್ಭಾಗ) ಸಣ್ಣದಾಗಿ ಕಾಣುತ್ತದೆ. ಬಾಡಿಯನ್ನು ಉದ್ದಕ್ಕೆ ಸೀಳಿ ಜೋಡಿಸುವುದಕ್ಕಿಂತ ಬೇರೆ ಕಿಟ್ ಹುಡುಕುವುದೇ ವಾಸಿ.

ತಳವಿಲ್ಲದ ಭಾಗ ಮುಚ್ಚಲು 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆ ಸಾಕು. ನೇರವಾಗಿ ಹಾಳೆ ಕತ್ತರಿಸಬೇಡಿ, ಮೊದಲು ದಪ್ಪ ಕಾಗದದಲ್ಲಿ ಆಕಾರ ತೆಗೆಯಿರಿ. ಹಳೇ ಅಚ್ಚುಗಳಲ್ಲಿ ಎಡಬದಿಯ ಆಕಾರ ಬಲಬದಿಗೆ ಕೂರುವುದು ಅಪರೂಪ, ಹಾಗಾಗಿ ಎರಡಕ್ಕೂ ಬೇರೆ ಬೇರೆ ಕಾಗದ ಮಾಡಿ. ಒಳಗೋಡೆಗೆ 1 ಮಿ.ಮೀ. ಚೌಕದ ಪಟ್ಟಿಯನ್ನು ಆಸರೆಯಾಗಿ ಅಂಟಿಸಿ ಅದರ ಮೇಲೆ ಹಾಳೆ ಕೂರಿಸಿ. ಆಸರೆ ಇಲ್ಲದೆ ಬರೀ ಅಂಚಿಗೆ ಅಂಚು ಅಂಟಿಸಿದರೆ ನಾಲ್ಕು ದಿನದಲ್ಲಿ ಹಾಳೆ ನಡುವೆ ತಗ್ಗುತ್ತದೆ. ಅಂಟಿಸುವ ಮೊದಲು ಟ್ರ್ಯಾಕನ್ನು ಒಮ್ಮೆ ಸುತ್ತಿ ನೋಡಿ. ಹೊಸ ತಳ ಕೆಳಗೆ ಬಂದಿದ್ದರೆ ಟ್ರ್ಯಾಕ್ ಅದಕ್ಕೆ ಉಜ್ಜುತ್ತದೆ, ಆಮೇಲೆ ಏನೂ ಮಾಡಲಾಗದು. ಸ್ವಿಚ್ಚಿನ ತೂತಿಗೆ ಒಳಗಿನಿಂದ 1 ಮಿ.ಮೀ. ತೇಪೆ, ಹೊರಗಿನಿಂದ ಎಂ-ಸೀಲ್. ಯಾರೂ ತಿರುಗಿಸಿ ನೋಡದ ಜಾಗವದು, ನುಣುಪಿಗಾಗಿ ದಿನ ಕಳೆಯಬೇಡಿ.

ಆ ಶ್ರಮವನ್ನು ಮಡ್‌ಗಾರ್ಡಿಗೆ ಹಾಕಿ. ಹಳೇ ಕಿಟ್ ಆಟಿಕೆಯಂತೆ ಕಾಣುವುದು ಮುಖ್ಯವಾಗಿ ದಪ್ಪದಿಂದ. ಕಿಟ್‌ನ ಮಡ್‌ಗಾರ್ಡ್ 1 ಮಿ.ಮೀ. ಇದ್ದರೆ ನಿಜವಾದ ಟ್ಯಾಂಕಿನ ಲೆಕ್ಕದಲ್ಲಿ ಅದು 35 ಮಿ.ಮೀ. ಉಕ್ಕು! ಅಸಲಿಗೆ ಅದು ಕೆಲವೇ ಮಿ.ಮೀ. ತಗಡು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ., ಅಂದರೆ ಲೆಕ್ಕಕ್ಕೆ 3.5 ಮಿ.ಮೀ. ಕಿಟ್‌ನ ಮಡ್‌ಗಾರ್ಡ್ ಕತ್ತರಿಸುವ ಮೊದಲು ಅದನ್ನೇ ಅಚ್ಚಾಗಿಟ್ಟು ತಗಡು ಬಗ್ಗಿಸಿಕೊಳ್ಳಿ. ಡಬ್ಬಿಯ ಬಣ್ಣವನ್ನು 400 ನಂಬರ್ ವಾಟರ್ ಪೇಪರ್‌ನಿಂದ ಉಜ್ಜಿ ತೆಗೆದು, ಫೆವಿಕ್ವಿಕ್‌ನಲ್ಲಿ ಅಂಟಿಸಿ. ತಗಡಿನ ಅಂಚು ಬ್ಲೇಡಿನಷ್ಟೇ ಹರಿತ, ಕೈ ಜೋಪಾನ. ಅಂಟಿಸಿದ ಮೇಲೆ ಮೂಲೆಯನ್ನು ಇಕ್ಕಳದಿಂದ ತುಸು ಸೊಟ್ಟ ಮಾಡಿದರೆ ತಗಡು ತಗಡಿನಂತೆಯೇ ಕಾಣುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಹಾಳೆ ನಮ್ಮಲ್ಲಿ ಸಿಗುವುದಿಲ್ಲ. ಬದಲಿಗೆ ಏನು ಬಳಸಬಹುದು? ಕಿನ್ನಾಳದ ಗೊಂಬೆಗಳಿಗೆ ಹಚ್ಚುವ ಹುಣಸೆಬೀಜದ ಲೇಪವನ್ನು ಸಂದು ತುಂಬುವ ಪುಟ್ಟಿಯಂತೆ ಬಳಸಬಹುದೇ?
– ಓದುಗರು, ಕೊಪ್ಪಳ

ಉತ್ತರ: ಲೇಪ ಬೇಡ. ಮರ ಅದನ್ನು ಹೀರಿ ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ ಹೀರುವುದಿಲ್ಲ. ಒಣಗಿದ ಮೇಲೆ ಚಕ್ಕೆಯಾಗಿ ಏಳುತ್ತದೆ. ಹಾಳೆಯ ಬದಲಿಗೆ, ಒಮ್ಮೆ ಬಳಸಿ ಬಿಸಾಡುವ ಲೋಟ, ಡಬ್ಬಿಗಳ ತಳ ನೋಡಿ. ತ್ರಿಕೋನದೊಳಗೆ 6 ಎಂದಿದ್ದರೆ ಅದು ಪಾಲಿಸ್ಟೈರೀನ್, ಕಿಟ್‌ನದೇ ಜಾತಿ. 1 ಅಥವಾ 5 ಇದ್ದರೆ ಬಿಡಿ, ಕಿಟ್‌ನ ಅಂಟು ಅದಕ್ಕೆ ಹಿಡಿಯುವುದಿಲ್ಲ. ಗುರುತು ಇಲ್ಲದಿದ್ದರೆ ಮೂಲೆಗೆ ಒಂದು ಹನಿ ಎನ್‌ಸಿ ಥಿನ್ನರ್ (ಬಣ್ಣ ತೆಳು ಮಾಡುವ ದ್ರವ) ಹಾಕಿ ಮುಟ್ಟಿ. ಬೆರಳಿಗೆ ಅಂಟಿದರೆ ಕೆಲಸಕ್ಕೆ ಬರುತ್ತದೆ. ಸಿಡಿ ಡಬ್ಬಿಯೂ ಪಾಲಿಸ್ಟೈರೀನೇ, ಆದರೆ ಗೆರೆ ಹಾಕಿ ಮುರಿಯುವಾಗ ಬೇಕಾದಲ್ಲಿ ಬಿಟ್ಟು ಬೇರೆಡೆ ಸೀಳುತ್ತದೆ.

ಕಿಟ್‌ನ ಭಾಗಗಳನ್ನು ಹಿಡಿದಿರುವ ಚೌಕಟ್ಟಿನ ಕಡ್ಡಿ, ಅಂದರೆ ಸ್ಪ್ರೂ, ಎಸೆಯಬೇಡಿ. ಮೇಣದಬತ್ತಿಯ ಉರಿಯಿಂದ ಎರಡು ಬೆರಳು ಮೇಲೆ ಹಿಡಿದು ತಿರುಗಿಸಿ, ಮೆತ್ತಗಾದಾಗ ಉರಿಯಿಂದ ಆಚೆ ತಂದು ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ಸಣ್ಣ. ವೆಲ್ಡಿಂಗ್ ಗೆರೆಗೆ ಇದೇ ಎಳೆಯನ್ನು ಅಂಟಿಸಿ, ಅಂಟು ಹಚ್ಚಿ ಮೆತ್ತಗೆ ಮಾಡಿ, ಬ್ಲೇಡಿನ ತುದಿಯಿಂದ ಒತ್ತೊತ್ತಾಗಿ ಒತ್ತಿ.

ಪ್ರಶ್ನೆ: ಬೋರ್ಡ್ ಮಾಡುವವರ ಹತ್ತಿರ ಸಿಗುವ ಅಕ್ರಿಲಿಕ್ ಅಂಟು ತಂದಿದ್ದೆ. ಚಳಿಗಾಲದಲ್ಲಿ ಗಟ್ಟಿ ಹಿಡಿಯುತ್ತಿತ್ತು, ಈಗ ಕೈ ತಾಗಿದರೆ ಬೆಸುಗೆ ಬಿಡುತ್ತದೆ. ಅಂಟು ಕೆಟ್ಟಿದೆಯೇ?
– ಓದುಗರು, ರಾಯಚೂರು

ಉತ್ತರ: ಕೆಟ್ಟಿಲ್ಲ. ನೀರಿನಂತಿರುವ ಆ ಅಂಟು ಬಹುತೇಕ ಡೈಕ್ಲೋರೋಮೀಥೇನ್. ಅದು ಕುದಿಯುವುದೇ ಸುಮಾರು 40 ಡಿಗ್ರಿಗೆ. ರಾಯಚೂರಿನ ಬೇಸಿಗೆ ಮಧ್ಯಾಹ್ನದಲ್ಲಿ ಕುಂಚದಿಂದ ಪ್ಲಾಸ್ಟಿಕ್‌ಗೆ ಇಳಿಯುವಷ್ಟರಲ್ಲೇ ಅರ್ಧ ಹಾರಿಹೋಗುತ್ತದೆ, ಪ್ಲಾಸ್ಟಿಕ್ ಕರಗಲು ಪುರುಸೊತ್ತೇ ಸಿಗುವುದಿಲ್ಲ. ಬೆಳಗಿನ ತಂಪಿನಲ್ಲಿ ಕೆಲಸ ಮಾಡಿ. ಎರಡು ಭಾಗ ಮೊದಲು ಕೂಡಿಸಿ ಹಿಡಿದು, ಸಂದಿಗೆ ಕುಂಚ ತಾಗಿಸಿ. ಸಂದಿ ತಾನೇ ಅಂಟನ್ನು ಒಳಗೆ ಎಳೆದುಕೊಳ್ಳುತ್ತದೆ. ಬಾಟಲಿಯ ಮುಚ್ಚಳ ಸಡಿಲಿಸಿ ಇಡಬೇಡಿ. ಅದರ ಆವಿ ಒಳ್ಳೆಯದಲ್ಲ, ಕಿಟಕಿ ತೆರೆದೇ ಇರಲಿ. ಫ್ರಿಜ್ಜಿನಲ್ಲಿ ಊಟದ ಪದಾರ್ಥದ ಜೊತೆ ಇಡುವುದಂತೂ ಬೇಡವೇ ಬೇಡ.

ಪ್ರಶ್ನೆ: 1/35 ಅಳತೆಯ ಸೆಂಚುರಿಯನ್ ಟ್ಯಾಂಕ್ ಕಿಟ್‌ನ ತೋಪಿನ ನಳಿಗೆ ಎರಡು ಹೋಳಾಗಿದೆ, ಬಾಯಿಗೆ ತೂತಿಲ್ಲ. ಟರೆಟ್ ಸೋಪಿನಂತೆ ನುಣ್ಣಗಿದೆ.
– ಓದುಗರು, ಸಿಂಧನೂರು

ಉತ್ತರ: ಯಾವ ತೋಪು ಎಂದು ಮೊದಲು ತೀರ್ಮಾನಿಸಿ. 20 ಪೌಂಡರ್ ತೋಪಿನ ಬಾಯಿ ಸುಮಾರು 84 ಮಿ.ಮೀ., ನಿಮ್ಮ ಅಳತೆಗೆ 2.4. ನಂತರ ಬಂದ ಎಲ್7 ತೋಪು 105 ಮಿ.ಮೀ., ನಿಮಗೆ ಸರಿಯಾಗಿ 3. ಎಲ್7 ನಳಿಗೆಯ ಉದ್ದ ಬಾಯಿಯ 52 ಪಟ್ಟು, ಅಂದರೆ ಸುಮಾರು 156 ಮಿ.ಮೀ. ಇದರಲ್ಲಿ ಒಂದಷ್ಟು ಟರೆಟ್ಟಿನೊಳಗೆ ಹೋಗುತ್ತದೆ ಎಂಬುದನ್ನು ಮರೆಯಬೇಡಿ.

ಹೋಳುಗಳಿಗೆ ಧಾರಾಳವಾಗಿ ಅಂಟು ಹಚ್ಚಿ, ಕರಗಿದ ಪ್ಲಾಸ್ಟಿಕ್ ಸಂದಿಯಿಂದ ಉಕ್ಕುವಂತೆ ಒತ್ತಿ ಎರಡು ದಿನ ಬಿಡಿ. ಉಕ್ಕಿದ್ದನ್ನು ಪೇಪರ್‌ನಿಂದ ಉಜ್ಜಿದರೆ ನಳಿಗೆ ಅಲ್ಲಿ ಚಪ್ಪಟೆಯಾಗುತ್ತದೆ. ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ ಕೆರೆಯಿರಿ. ಬಾಯಿಯ ಕಡೆಯ 6 ಮಿ.ಮೀ. ಕತ್ತರಿಸಿ ಹಳೇ ರೇಡಿಯೊ ಏರಿಯಲ್‌ನ ತುಂಡು ಹಾಕಿ. ಎಲ್7 ಆದರೆ 3 ಮಿ.ಮೀ. ಡ್ರಿಲ್ ಬಿಟ್ ಬಿಗಿಯಾಗಿ ತೂರುವ ತುಂಡು ಆರಿಸಿದರೆ ಒಳಅಳತೆ ಸರಿ ಎಂದೇ ಅರ್ಥ. ಅದರ ಹೊಳಪನ್ನು ಉಜ್ಜಿ ತೆಗೆಯದಿದ್ದರೆ ಬಣ್ಣ ನಿಲ್ಲುವುದಿಲ್ಲ.

ಸೆಂಚುರಿಯನ್‌ನ ಟರೆಟ್ ಎರಕದ್ದು, ಅದರ ಚಾವಣಿ ಮಾತ್ರ ವೆಲ್ಡ್ ಮಾಡಿದ ತಗಡು. ಆದ್ದರಿಂದ ಒರಟುತನ ಪಕ್ಕಗಳಿಗಷ್ಟೇ ಬರಬೇಕು. ಸ್ಪ್ರೂ ಚೂರುಗಳನ್ನು ಥಿನ್ನರ್‌ನಲ್ಲಿ ಕರಗಿಸಿ ಗಂಜಿಯಂತೆ ಮಾಡಿ, ಗಡುಸು ಕುಂಚದಿಂದ ಚುಚ್ಚಿ ಚುಚ್ಚಿ ಹಚ್ಚಿ, ಒಣಗಿದ ಮೇಲೆ 600 ನಂಬರ್ ಪೇಪರ್ ತೇಲಿಸಿ. ಬಾಡಿ ತಗಡಿನ ಜೋಡಣೆ. ಅದಕ್ಕೂ ಹಚ್ಚುವವರಿದ್ದಾರೆ, ಅದು ತಪ್ಪು.

ಪ್ರಶ್ನೆ: ಹಳೇ ಕಿಟ್‌ನ ಡಬ್ಬಿ ತೆರೆದಾಗ ರಬ್ಬರಿನಂಥ ಟ್ರ್ಯಾಕ್ ತಾಗಿದ್ದ ಗಾಲಿಗಳು ಕರಗಿದ್ದವು. ಬಿಸಿಲಿಗೋ?
– ಓದುಗರು, ಗಂಗಾವತಿ

ಉತ್ತರ: ಬಿಸಿಲು ಚುರುಕು ಮಾಡುತ್ತದೆ, ಮೂಲ ಕಾರಣ ಅದಲ್ಲ. ವಿನೈಲ್ ಟ್ರ್ಯಾಕನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ರಾಸಾಯನಿಕ ವರ್ಷಗಟ್ಟಲೆ ಜಿನುಗಿ ಪಾಲಿಸ್ಟೈರೀನನ್ನು ತಿನ್ನುತ್ತದೆ. ಕರಗಿದ ಜಾಗ ಕೆರೆದು, ಫೆವಿಕ್ವಿಕ್‌ಗೆ ಟಾಲ್ಕಂ ಪೌಡರ್ ಕಲಸಿ ತುಂಬಿ, ಒಂದು ಗಂಟೆಯೊಳಗೆ ಉಜ್ಜಿ. ತಡ ಮಾಡಿದರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುತ್ತದೆ. ಟ್ರ್ಯಾಕ್ ಹಾಕುವ ಮೊದಲು ಗಾಲಿಗೆ ಪೂರ್ತಿ ಬಣ್ಣವಿರಲಿ.

ಪ್ರಶ್ನೆ: ಟ್ಯಾಂಕ್ ಎಳೆಯುವ ಉಕ್ಕಿನ ಹಗ್ಗ ಹೇಗೆ ಮಾಡುವುದು? ಧೂಳಿಗೆ ನಮ್ಮ ಕಬ್ಬಿಣದ ಅದಿರಿನ ಪುಡಿ ಆಗುತ್ತದೆಯೇ? 1971ರ ಭಾರತ–ಪಾಕ್ ಯುದ್ಧದ ಬಸಂತರ್ ಕದನದಲ್ಲಿ ಅರುಣ್ ಖೇತ್ರಪಾಲ್ ಅವರಿದ್ದ 'ಫಾಮಗುಸ್ತಾ' ಎಂಬ ಸೆಂಚುರಿಯನ್ ಟ್ಯಾಂಕ್ ಮಾಡುವ ಯೋಚನೆ ಇದೆ.
– ಓದುಗರು, ಸಂಡೂರು

ಉತ್ತರ: ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 30 ಗೇಜ್ ತಾಮ್ರದ ತಂತಿ ಕೇಳಿ, ದಪ್ಪ 0.315 ಮಿ.ಮೀ. ಮೂರು ಎಳೆ ಹೊಸೆದರೆ ಸುಮಾರು 0.68 ಆಗುತ್ತದೆ, ಅಂದರೆ ನಿಜದಲ್ಲಿ 24 ಮಿ.ಮೀ. ಹಗ್ಗ. ಒಂದು ತುದಿ ಇಕ್ಕಳದಲ್ಲಿ, ಇನ್ನೊಂದು ಕೈ ಡ್ರಿಲ್ಲಿನಲ್ಲಿ ಹಿಡಿದು ಎಳೆದಂತೆಯೇ ತಿರುಗಿಸಿ. ಸಡಿಲ ಬಿಟ್ಟರೆ ಗಂಟು ಬೀಳುತ್ತದೆ. ಅದೇ ತಂತಿಯ ಒಂಟಿ ಎಳೆ ಹಿಡಿಕೆಗಳಿಗೆ ಆಗುತ್ತದೆ.

ಧೂಳಿನ ವಿಷಯಕ್ಕೆ ಬಂದರೆ, ನಿಮ್ಮ ಅದಿರಿನ ಕೆಂಪು ಬಸಂತರ್‌ಗೆ ಒಪ್ಪದು. ಆ ನದೀಬಯಲಿನ ಮೆಕ್ಕಲು ಮಣ್ಣು ತಿಳಿ ಕಂದು. ಸೀಮೆಸುಣ್ಣದ ಪುಡಿಗೆ ಚಿಟಿಕೆ ಹಳದಿ ಮಣ್ಣು, ಚೂರು ಇದ್ದಿಲು ಬೆರೆಸಿ ಬಟ್ಟೆಯಲ್ಲಿ ಸೋಸಿ. ಸೈಲೆನ್ಸರಿನ ತುಕ್ಕಿಗೆ ಮಾತ್ರ ಅದಿರಿನ ಪುಡಿ ಚೆನ್ನ. ಅದಕ್ಕೂ ಮೆತ್ತಗಿನ ಕೆಂಪು ಪುಡಿಯನ್ನೇ ಆರಿಸಿ, ಬ್ಲೂ ಡಸ್ಟ್ (ನೀಲಿ ಛಾಯೆಯ ಅದಿರಿನ ಪುಡಿ) ಹಾಕಿದರೆ ಮಿನುಗುತ್ತದೆ.